ಟ್ಯಾಕ್ಸಿ: ಮನೆತನದ ಹೆಸರಲ್ಲ, ಮೀಟರಿನದು

ಶತಮಾನಗಳ ಕಾಲ ಯುರೋಪಿನ ಅಂಚೆ ನಡೆಸಿದ ಥುರ್ನ್ ಉಂಡ್ ಟಾಕ್ಸಿಸ್ ಮನೆತನದಿಂದಲೇ ‘ಟ್ಯಾಕ್ಸಿ’ ಎಂಬ ಹೆಸರು ಬಂತು ಎಂಬ ಮಾತು ಹರಿದಾಡುತ್ತಿದೆ. ಅಂಚೆಯ ಕಥೆ ನಿಜ, ಹೆಸರಿನ ಕಥೆ ಸುಳ್ಳು. ಆ ಮನೆತನದ ಹೆಸರಿನ ಮೂಲ ಇಟಲಿಯ ‘ಟಾಸೊ’.

‘ಟ್ಯಾಕ್ಸಿ’ ಹುಟ್ಟಿದ್ದು ಟ್ಯಾಕ್ಸಿಮೀಟರಿನಿಂದ. ಲ್ಯಾಟಿನ್ನಿನ ‘ಟಾಕ್ಸಾ’ ಎಂದರೆ ಸುಂಕ, ದರ. ಓಡಿದ ದೂರ, ಕಾದ ಹೊತ್ತು ಎರಡನ್ನೂ ಲೆಕ್ಕ ಹಾಕಿ ಬಾಡಿಗೆ ತೋರಿಸುವ ಈ ಯಂತ್ರ 19ನೇ ಶತಮಾನದ ಕೊನೆಗೆ ಜರ್ಮನಿಯಲ್ಲಿ ಕುದುರೆಗಾಡಿಗಳಿಗೇ ಬಂದಿತ್ತು. ಮೀಟರುಳ್ಳ ಮೋಟಾರು ಗಾಡಿಗಳು ಲಂಡನ್ನಿನ ಬೀದಿಗಿಳಿದಾಗ, 1907ರ ಸುಮಾರಿಗೆ, ‘ಟ್ಯಾಕ್ಸಿಕ್ಯಾಬ್’ ಎಂಬ ಮಾತು ಬಳಕೆಗೆ ಬಂತು.

ಚಾಲಕರನ್ನು ಕರೆಯುವ ‘ಕ್ಯಾಬಿ’ ಇದಕ್ಕಿಂತ ಹಳೆಯದು. ಅದರ ಬೇರು ‘ಕ್ಯಾಬ್ರಿಯೊಲೆ’ ಎಂಬ ಎರಡು ಗಾಲಿಯ ಫ್ರೆಂಚ್ ಕುದುರೆಗಾಡಿ. ದಯವಿಟ್ಟು ಮನೆತನದ ಕಥೆಯನ್ನು ಮುಂದಕ್ಕೆ ಕಳಿಸಬೇಡಿ.