ಆ ಕೋಣೆಯ ಎದುರು ಬರೆದಿದ್ದದ್ದು ‘ಬಣ್ಣ, ಎರಡು ಕೋಟ್’

ಹಳೆಯ ಶಾಲೆಯೊಂದರ ಕಟ್ಟಡಗಳನ್ನು ನೋಡಲು ಹೋಗಿದ್ದೆ. ನವೀಕರಣಕ್ಕೆ ದುಡ್ಡು ಸೇರಿದೆ, ಗೋಡೆಗೆ ಯಾವ ಬಣ್ಣ, ನೆಲಕ್ಕೆ ಯಾವ ಟೈಲ್ಸ್ ಅನ್ನುವುದೂ ತೀರ್ಮಾನವಾಗಿದೆ. ಇಂಜಿನಿಯರ್ ಬಂದು ಒಮ್ಮೆ ನೋಡಿ ಸಹಿ ಹಾಕುವುದಷ್ಟೇ ಬಾಕಿ.

ಒಂದು ತರಗತಿಗೆ ಕಾಲಿಟ್ಟಾಗ ಬೆಂಚುಗಳು ಯಾಕೋ ಸರಿಯಾಗಿ ಕಾಣಲಿಲ್ಲ. ಎಲ್ಲವೂ ಬಾಗಿಲ ಕಡೆ ಒತ್ತಾಗಿವೆ, ಕಿಟಕಿ ಕಡೆ ಜಾಗ ಖಾಲಿ. ಆ ಖಾಲಿ ನೆಲದಲ್ಲಿ ಬೆಂಚಿನ ಕಾಲು ಉಜ್ಜಿದ ಹಳೇ ಗುರುತುಗಳು ಮಾತ್ರ ಹಾಗೇ ಇವೆ. ಕಸ ಗುಡಿಸುತ್ತಿದ್ದ ಅಮ್ಮನನ್ನು ಕೇಳಿದೆ. “ಅಲ್ಲಿ ಮೇಲಿಂದ ಗಾರೆ ಬೀಳುತ್ತೆ ಸರ್, ಅದಕ್ಕೇ ಮೇಷ್ಟ್ರು ಮಕ್ಕಳನ್ನ ಈ ಕಡೆ ಕೂರಿಸ್ತಾರೆ” ಅಂದರು. ನನ್ನ ಕೈಲಿದ್ದ ಪಟ್ಟಿಯಲ್ಲಿ ಆ ಕೋಣೆಯ ಎದುರು ಬರೆದಿದ್ದದ್ದು ‘ಬಣ್ಣ, ಎರಡು ಕೋಟ್’.

ಏಣಿ ಹತ್ತಿ ಸಣ್ಣ ಸುತ್ತಿಗೆಯಿಂದ ಸ್ಲ್ಯಾಬಿನ ತಳವನ್ನು ತಟ್ಟುತ್ತಾ ಹೋದೆ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಬಿಟ್ಟುಕೊಂಡ ಕಡೆ ಡಬ್ ಅನ್ನುತ್ತದೆ, ಅದಕ್ಕೆ ಯಾವ ಯಂತ್ರವೂ ಬೇಡ, ಕಿವಿ ಸಾಕು. ಡಬ್ ಅಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕೆಳಗಿಳಿದು ನೋಡಿದರೆ ಆ ಗೆರೆ ಬೆಂಚು ಸರಿಸಿದ ಜಾಗವನ್ನೂ ದಾಟಿ, ಮಕ್ಕಳು ಈಗ ಕೂರುವ ಜಾಗದ ಮೇಲೂ ಬಂದಿತ್ತು.

ಒಳಗೆ ಆಗಿರುವುದು ಇಷ್ಟು. ಕಾಂಕ್ರೀಟಿನಲ್ಲಿರುವ ಕ್ಷಾರಗುಣವೇ ಕಂಬಿಯನ್ನು ತುಕ್ಕಿನಿಂದ ಕಾಯುವುದು. ಗಾಳಿಯ ಕಾರ್ಬನ್ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದ ಹಾಗೆ ಆ ಗುಣ ಕರಗುತ್ತದೆ. ಜೊತೆಗೆ ತಾರಸಿಯಲ್ಲಿ ನಿಂತ ನೀರೂ ಸೇರಿದರೆ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು, ಜಾಗ ಇಲ್ಲದಿದ್ದರೆ ಅದು ಕಾಂಕ್ರೀಟನ್ನೇ ಸೀಳಿ ಕೆಳಗೆ ತಳ್ಳುತ್ತದೆ. ಸ್ವಲ್ಪ ಒಡೆದು, ಕ್ಷಾರ ಇದ್ದರೆ ಬಣ್ಣ ಬದಲಿಸುವ ಫಿನಾಲ್ಫ್ತಲೀನ್ ಅನ್ನುವ ದ್ರಾವಣ ಸಿಂಪಡಿಸಿದರೆ ಗುಣ ಉಳಿದಿರುವ ಭಾಗ ಗಾಢ ಗುಲಾಬಿಯಾಗುತ್ತದೆ, ಹೋಗಿರುವ ಭಾಗ ಬಣ್ಣ ಬದಲಿಸುವುದಿಲ್ಲ. ಅಲ್ಲಿ ಕಂಬಿಯವರೆಗೂ ಗುಲಾಬಿ ಬರಲೇ ಇಲ್ಲ.

ಇದರ ಮೇಲೆ ಹೊಸ ಪ್ಲಾಸ್ಟರ್ ಮೆತ್ತಿ ಬಣ್ಣ ಬಳಿದಿದ್ದರೆ ಏನಾಗುತ್ತಿತ್ತು ಹೇಳಿ? ಕೋಣೆ ಚೆನ್ನಾಗಿ ಕಾಣುತ್ತಿತ್ತು. ಬೆಂಚುಗಳು ಮತ್ತೆ ಕಿಟಕಿ ಹತ್ತಿರ ಹೋಗುತ್ತಿದ್ದವು. ನನಗೆ ಭಯ ಆಗುವುದು ಇದಕ್ಕೇ.

ಒಂದೇ ಆವರಣದಲ್ಲಿದ್ದರೂ ಎಲ್ಲ ಕಟ್ಟಡಗಳ ವಯಸ್ಸು ಒಂದೇ ಅಲ್ಲ. ಒಂದು ಕಲ್ಲಿನ ಗೋಡೆಯದು, ಇನ್ನೊಂದು ಆರ್‌ಸಿಸಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟಿನದು, ಮತ್ತೊಂದಕ್ಕೆ ಯಾವಾಗಲೋ ಮಹಡಿ ಕೂರಿಸಿರುತ್ತಾರೆ. ಮಹಡಿ ಸೇರಿಸಿದ ವಿಷಯವನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಲೇಬೇಕು. 2002ರ ಅಕ್ಟೋಬರ್ 31ರಂದು ಇಟಲಿಯ ಸ್ಯಾನ್ ಜೂಲಿಯಾನೊ ದಿ ಪುಲ್ಯಾದಲ್ಲಿ ಭೂಕಂಪವಾದಾಗ ಒಂದು ಶಾಲೆ ಕುಸಿದು 27 ಮಕ್ಕಳು, ಒಬ್ಬ ಶಿಕ್ಷಕಿ ತೀರಿಕೊಂಡರು. ಅದೂ ಹಳೇ ಗೋಡೆಗಳ ಮೇಲೆ ಆಮೇಲೆ ಮಹಡಿ ಸೇರಿಸಿದ್ದ ಕಟ್ಟಡವೇ. ಇಂಗ್ಲೆಂಡಿನಲ್ಲಿ 2023ರ ಆಗಸ್ಟ್ ಕೊನೆಯ ದಿನ, ಇನ್ನೇನು ಶಾಲೆ ಶುರುವಾಗಬೇಕು ಅನ್ನುವಾಗ, ನೂರಕ್ಕೂ ಹೆಚ್ಚು ಶಾಲೆಗಳಿಗೆ ಕೋಣೆಗಳನ್ನೋ ಇಡೀ ಕಟ್ಟಡವನ್ನೋ ಮುಚ್ಚಲು ಹೇಳಬೇಕಾಯಿತು. ಹಿಂದೆ ಚಾವಣಿಗೆ ಬಳಸಿದ್ದ ಹಗುರ ಕಾಂಕ್ರೀಟ್ ನಂಬುವ ಹಾಗಿಲ್ಲ ಅಂತ.

ಪರೀಕ್ಷೆ ಮಾಡಿಸುತ್ತೇವೆ ಅಂತ ಹೇಳಿ ಬರೀ ರಿಬೌಂಡ್ ಹ್ಯಾಮರ್ (ಕಾಂಕ್ರೀಟಿಗೆ ಬಡಿದು ಎಷ್ಟು ಪುಟಿಯಿತು ಅಂತ ಅಳೆಯುವ ಉಪಕರಣ) ಹಿಡಿದು ನಾಲ್ಕು ಕಡೆ ಒತ್ತಿ ಸಂಖ್ಯೆ ಬರೆದುಕೊಂಡು ಹೋಗುವವರೂ ಇದ್ದಾರೆ. ಅದಕ್ಕೆ ಒಪ್ಪಬೇಡಿ. ಅದು ಹೇಳುವುದು ಮೇಲ್ಪದರದ ಗಟ್ಟಿತನ ಮಾತ್ರ. ಹಳೇ ಕಾಂಕ್ರೀಟಿನಲ್ಲಿ ಅದೇ ಕಾರ್ಬನ್ ಡೈಆಕ್ಸೈಡಿನಿಂದ ಮೇಲ್ಪದರ ಗಟ್ಟಿಯಾಗಿರುತ್ತದೆ, ಹಾಗಾಗಿ ಇರುವುದಕ್ಕಿಂತ ಜಾಸ್ತಿ ಬಲ ತೋರಿಸುತ್ತದೆ. ಅಲ್ಲಲ್ಲಿ ಕೊರೆದು ಕೋರ್, ಅಂದರೆ ಉರುಳೆಯಾಕಾರದ ಕಾಂಕ್ರೀಟ್ ತುಂಡು, ತೆಗೆದು ಪ್ರಯೋಗಾಲಯದಲ್ಲಿ ಒಡೆದು ನೋಡಿದರೇ ನಿಜ ಗೊತ್ತಾಗುವುದು. ಪಾಯ, ವೈರಿಂಗ್, ನೀರಿನ ಪೈಪು, ಮರದ ತೊಲೆಯ ಗೆದ್ದಲು, ಇವನ್ನೂ ನೋಡಲೇಬೇಕು. ತಾರಸಿಯನ್ನಂತೂ ಮಳೆ ಬರುವಾಗಲೇ ಹತ್ತಿ ನೋಡಬೇಕು, ಬಿಸಿಲಲ್ಲಿ ಎಲ್ಲ ತಾರಸಿಯೂ ಚೆನ್ನಾಗೇ ಕಾಣುತ್ತದೆ.

“ಪರೀಕ್ಷೆಗೇ ಇಷ್ಟು ಖರ್ಚು ಮಾಡಿದರೆ ಕೆಲಸಕ್ಕೆ ಏನು ಉಳಿಯುತ್ತೆ?” ಅಂತ ಸಮಿತಿಯ ಹಿರಿಯರೊಬ್ಬರು ಕೇಳಿದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಆ ದುಡ್ಡು ಒಬ್ಬೊಬ್ಬರ ಹತ್ತಿರ ಕೇಳಿ ಕೂಡಿಸಿದ್ದು. ನಾನು ಅವರನ್ನು ಆ ತರಗತಿಗೇ ಕರೆದುಕೊಂಡು ಹೋಗಿ ಸುತ್ತಿಗೆ ಕೈಗೆ ಕೊಟ್ಟೆ. ಎರಡು ಸಲ ತಟ್ಟಿದರು. ಮೂರನೇ ಸಲ ಅಂಗೈ ಅಗಲದ ಚೂರು ಕೆಳಗೆ ಬಿತ್ತು, ಅದರ ಹಿಂದೆ ಕೆಂಪಗೆ ಪದರಪದರವಾಗಿ ಎದ್ದಿದ್ದ ಕಂಬಿ. ಆಮೇಲೆ ಅವರು ಖರ್ಚಿನ ಮಾತು ಎತ್ತಲಿಲ್ಲ.

ಈಗ ಆ ಕೋಣೆಗೆ ಬೀಗ ಹಾಕಿದ್ದಾರೆ, ಮಕ್ಕಳು ಬೇರೆ ಕಡೆ ಕೂರುತ್ತಿದ್ದಾರೆ. ಪಕ್ಕದ ಬ್ಲಾಕಿನ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕಿದೆ, ಪಾಯ ಕುಸಿಯುತ್ತಿದೆಯೋ ಅಥವಾ ಹಿಂದೆಂದೋ ಕುಸಿದು ನಿಂತಿದೆಯೋ ನೋಡಬೇಕು. ಅದರ ಮೇಲೆ ಅಡ್ಡಲಾಗಿ ತೆಳ್ಳಗಿನ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದು ಬಂದಿದ್ದೇನೆ. ಬಿರುಕು ಇನ್ನೂ ಬೆಳೆಯುತ್ತಿದ್ದರೆ ಗಾಜು ಒಡೆಯುತ್ತದೆ. ದಿನಾ ನೋಡಿ ಹೇಳುತ್ತೇನೆ ಅಂತ ಆ ಕಸ ಗುಡಿಸುವ ಅಮ್ಮನೇ ಒಪ್ಪಿಕೊಂಡಿದ್ದಾರೆ.