ಇಲಿಗಳ ನಡುವೆ ವೆಂಕಟೇಶ್ ಪ್ರಸಾದ್

ಕಿಂದರಿಜೋಗಿ ಆಡಿಸದ ಬೇಸಿಗೆ ಶಿಬಿರ ನಮ್ಮ ಕಡೆ ಇಲ್ಲವೇ ಇಲ್ಲ ಅನ್ನಬಹುದು. ಮೇಷ್ಟ್ರುಗಳಿಗೆ ಅದರಷ್ಟು ಅನುಕೂಲದ ನಾಟಕ ಇನ್ನೊಂದಿಲ್ಲ. ಎಷ್ಟು ಮಕ್ಕಳು ಬಂದರೂ ಇಲಿ ಮಾಡಿ ನಿಲ್ಲಿಸಬಹುದು, ಅಲ್ವಾ? 1995ರಲ್ಲಿ ಸಾಗರದ ಹತ್ತಿರ ನಮ್ಮೂರ ಶಾಲೆಯಲ್ಲಿ ಹದಿನೈದು ದಿನ ಶಿಬಿರ ನಡೆದಾಗಲೂ ಅದೇ ನಾಟಕ. ಅದರಲ್ಲಿ ಕಿಂದರಿಜೋಗಿ ನಾನೇ ಎಂದು ಮದುವೆಯಾದಾಗಿನಿಂದ ಹೆಂಡತಿಗೆ, ಮಾತು ತಿಳಿಯುವಂತಾದಾಗಿನಿಂದ ಮಗಳಿಗೆ ಹೇಳಿಕೊಂಡು ಬಂದಿದ್ದೆ. ಅವರೂ ಪಾಪ ನಂಬಿದ್ದರು. ಹೋದ ವರ್ಷ ಅಮ್ಮ ಅಟ್ಟ ಗುಡಿಸುವವರೆಗೂ ಎಲ್ಲ ಸರಿಯಾಗೇ ಇತ್ತು.

ಅಡಿಕೆ ಚೀಲಗಳ ಸಂದಿಯಲ್ಲಿ ಒಂದು ವಿಎಚ್‌ಎಸ್ ಕ್ಯಾಸೆಟ್ ಸಿಕ್ಕಿತು. ಮೇಲೆ ಅಪ್ಪನ ಅಕ್ಷರ: ‘ಶಿಬಿರ 95. ಅಳಿಸಬಾರದು.’ ಕಿಂಡಿಯಲ್ಲಿ ನೋಡಿದರೆ ಸುರುಳಿಯ ಅಂಚಿಗೆಲ್ಲ ಬಿಳೀ ಬೂಷ್ಟು. ಮಲೆನಾಡಿನ ಬೂಷ್ಟು ಒಂದು ಮಳೆಗಾಲಕ್ಕೆ ಚಪ್ಪಲಿ, ಬೆಲ್ಟು, ದೇವರ ಪಟ ಯಾವುದನ್ನೂ ಬಿಡುವುದಿಲ್ಲ. ಇದು ಸುಮಾರು ಮೂವತ್ತು ಮಳೆಗಾಲ ಕಂಡ ಕ್ಯಾಸೆಟ್ಟು.

‘ಬಿಸಿಲು ತೋರಿಸಿದರೆ ಹೋಗುತ್ತೆ ಬಿಡು’ ಎಂದು ಅಮ್ಮ ಅದನ್ನು ಅಂಗಳದಲ್ಲಿ ಹಲಸಿನ ಹಪ್ಪಳದ ಪಕ್ಕ ಒಣಗಿಸಿಬಿಟ್ಟರು. ಹಪ್ಪಳಕ್ಕೆ ಕಾಗೆ ಕಾಯುತ್ತಿದ್ದ ಮಗಳು ಫೋನಿನಲ್ಲಿ ಏನೋ ಓದಿ, ಬಿಸಿಗೆ ಟೇಪು ಸೊಟ್ಟಗಾಗುತ್ತಂತೆ ಎಂದು ಕೂಗಿಕೊಂಡಳು. ಕ್ಯಾಸೆಟ್ ಒಳಗೆ ಬಂತು. ಒಂದು ಹಪ್ಪಳವೂ ಅಂಟಿಕೊಂಡು ಬಂತು.

ಇನ್ನು ನೋಡುವುದು ಯಾವುದರಲ್ಲಿ? ಇಂಥ ಕ್ಯಾಸೆಟ್ ಓಡಿಸುವ ಯಂತ್ರವಾದ ವಿಸಿಆರನ್ನು ಕೊನೆಯವರೆಗೂ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲೇ ಕೈ ತೊಳೆದುಕೊಂಡಿದೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಎರಡು ಶನಿವಾರ ಅಲೆದ ಮೇಲೆ ಒಂದು ಹಳೇ ಯಂತ್ರ ಸಿಕ್ಕಿತು. ‘ಟೆಸ್ಟೆಡ್ ಪೀಸ್ ಸಾರ್’ ಅಂದರು. ಯಾವ ಇಸವಿಯಲ್ಲಿ ಟೆಸ್ಟ್ ಮಾಡಿದ್ದು ಅಂತ ನಾನು ಕೇಳಬೇಕಿತ್ತು.

ಆದರೆ ಮೊದಲ ತಪ್ಪು ಯಂತ್ರದ್ದಲ್ಲ, ನನ್ನದೇ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೇ ಒಳಗೆ ತುರುಕಿದೆ. ಎರಡು ಸೆಕೆಂಡು ಯಾರದೋ ಕಾಲು ಕಾಣಿಸಿತು. ಆಮೇಲೆ ಪರದೆ ತುಂಬ ಹಿಮ. ಒಳಗೆ ನಿಮಿಷಕ್ಕೆ 1500 ಸುತ್ತು ತಿರುಗುವ ಒಂದು ಡ್ರಮ್ ಇರುತ್ತದೆ. ಚಿತ್ರ ಓದುವ ಹೆಡ್ಡುಗಳು ಇರುವುದು ಅದರ ಮೈಮೇಲೆ. ಬೂಷ್ಟು ಈಗ ಅಲ್ಲಿಗೆ ವರ್ಗಾವಣೆ ತೆಗೆದುಕೊಂಡಿತ್ತು. ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಒರೆಸಲು ಹೋದೆ. ಹತ್ತಿಯ ಎಳೆ ಹೆಡ್ಡಿಗೆ ಸಿಕ್ಕಿಕೊಂಡು ಇನ್ನೊಂದು ರಾದ್ಧಾಂತ.

ಕೊನೆಗೆ ಯಂತ್ರ ಹೊತ್ತು ಊರಿಗೇ ಹೋದೆ. ಅಲ್ಲಿ ಟಿವಿ ರಿಪೇರಿ ಬಿಟ್ಟು ಮೊಮ್ಮಕ್ಕಳನ್ನು ನೋಡಿಕೊಂಡಿದ್ದ ಹಿರಿಯರೊಬ್ಬರು ಕೈ ಹಿಡಿದರು. ಮೆತ್ತನೆ ತೊಗಲಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಡ್ರಮ್ಮಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನೇ ಮೆಲ್ಲಗೆ ತಿರುಗಿಸಿದರು. ‘ನೀ ಉಜ್ಜಬಾರದು ಮಾರಾಯ. ಅದೇ ಉಜ್ಜಿಕೊಳ್ಳಬೇಕು.’ ಅರ್ಧ ಇಂಚು ಅಗಲ, ಸುಮಾರು 250 ಮೀಟರ್ ಉದ್ದದ ಟೇಪನ್ನು ಜಗಲಿಯಲ್ಲಿ ಕೂತು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮೆತ್ತನೆ ಬಟ್ಟೆಯ ನಡುವೆ ಎಳೆದು ಸುತ್ತಿದೆವು. ದಾರಿಹೋಕರೆಲ್ಲ ಏನಿದು ಅಂತ ನಿಂತು ನೋಡಿದರು. ಒಬ್ಬರಂತೂ ಮತ್ತೆ ಕೊರೊನಾ ಬಂತಾ ಅಂದರು.

ಟೇಪು ಕಂಪ್ಯೂಟರಿಗೆ ಇಳಿಯುವುದಕ್ಕೆ ಅಡ್ಡದಾರಿ ಇಲ್ಲ. ಮೂರು ಗಂಟೆಯ ಟೇಪಿಗೆ ಮೂರು ಗಂಟೆ ಕೂರಲೇಬೇಕು. ಮನೆಮಂದಿಯೆಲ್ಲ ಕೂತೆವು.

ಶೂಟಿಂಗ್ ಮಾಡಿದವರು ಮದುವೆ ವಿಡಿಯೋದವರು. ಅಭ್ಯಾಸಬಲ. ಅವಲಕ್ಕಿ ತಿನ್ನುವ ಮಕ್ಕಳ ಬಾಯಿಗೇ ಕ್ಯಾಮೆರಾ ಹಿಡಿದಿದ್ದರು. ಇಲಿಗಳ ಕುಣಿತವನ್ನು ಹೃದಯದಾಕಾರದ ಚೌಕಟ್ಟಿನೊಳಗೆ ಕೂರಿಸಿ ಸುತ್ತ ಗುಲಾಬಿ ಎಸಳು ಉದುರಿಸಿದ್ದರು. ಪೇಪರು, ಮೈದಾ ಅಂಟಿನ ಇಲಿ ಮುಖವಾಡಗಳು ನಡುನಡುವೆ ಹರಿದಿದ್ದವು. ರಾತ್ರಿ ನಿಜವಾದ ಇಲಿಗಳು ಬಂದು ಮೈದಾ ತಿಂದಿದ್ದವು, ಈಗ ನೆನಪಾಯಿತು.

ಕೊಳಲು ಕೇಳಿಸಿತು. ಪರದೆ ಅಲುಗಿತು. ‘ಈಗ ಅಪ್ಪ ಬರ್ತಾರೆ’ ಅಂದಳು ಮಗಳು. ನನಗೆ ಬೆವರು.

ಬಂದದ್ದು ಚಿನ್ನಸ್ವಾಮಿ ಕ್ರೀಡಾಂಗಣ.

1996ರ ಮಾರ್ಚ್ 9. ವಿಶ್ವಕಪ್ ಕ್ವಾರ್ಟರ್ ಫೈನಲ್. ಪಾಕಿಸ್ತಾನದ ಆಮಿರ್ ಸೊಹೈಲ್ ಫೋರ್ ಬಾರಿಸಿ ನಮ್ಮ ವೆಂಕಟೇಶ್ ಪ್ರಸಾದ್‌ಗೆ ಬ್ಯಾಟು ತೋರಿಸುತ್ತಿದ್ದಾನೆ. ಯಾರೂ ಅಳಿಸದ ಹಾಗೆ ಅಪ್ಪ ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಚೂರನ್ನು ಮುರಿದು ಹಾಕಿದ್ದರು. ಈಗ ತಿರುಗಿಸಿ ನೋಡಿದರೆ ಆ ತೂತಿನ ಮೇಲೆ ಹಳದಿಗಟ್ಟಿದ ಸೆಲ್ಲೋಟೇಪು. ತೂತು ಮುಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆ. ಸೋದರಮಾವನ ಕೆಲಸ. ಫೋನ್ ಮಾಡಿ ಕೇಳಿದರೆ, ‘ಇಲಿ ನಾಟಕ ಪ್ರತಿ ವರ್ಷ ಆಗುತ್ತಪ್ಪ, ಅಂಥ ಬಾಲು ಮತ್ತೆ ಬಿತ್ತಾ?’ ಅಂದ. ಆ ಬಾಲು ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ನಮ್ಮೂರ ಇಲಿಗಳು ಇದೊಂದರಲ್ಲೇ ಇದ್ದದ್ದು. ಇಷ್ಟೆಲ್ಲ ಬೈದುಕೊಂಡರೂ ಮುಂದಿನ ಎಸೆತಕ್ಕೆ ಸೊಹೈಲನ ವಿಕೆಟ್ ಹಾರಿದಾಗ ಅಮ್ಮನೂ ಸೇರಿ ಎಲ್ಲರೂ ಚಪ್ಪಾಳೆ ಹೊಡೆದೆವು.

‘ಛೆ, ನಿಮ್ಮ ಪಾರ್ಟೇ ಹೋಯ್ತಲ್ಲ’ ಅಂದಳು ಹೆಂಡತಿ. ನಾನು ಆದಷ್ಟು ದುಃಖದ ಮುಖ ಮಾಡಿದೆ. ಒಳಗೊಳಗೇ ಪ್ರಸಾದ್‌ಗೆ ಕೈಮುಗಿದೆ.

ಆದರೆ ಅವತ್ತು ರಾತ್ರಿ ಊರಲ್ಲಿ ಕರೆಂಟು ಹೋಗಿತ್ತು ಅಂತ ಕಾಣುತ್ತದೆ. ಮ್ಯಾಚು ನಡುವೆಯೇ ಕಟ್ಟಾಗಿ ಮತ್ತೆ ಶಾಲೆಯ ರಂಗ ಬಂತು. ನಾಟಕ ಮುಗಿದಿದೆ. ಮೇಷ್ಟ್ರು ಮೈಕ್ ಹಿಡಿದು ಒಬ್ಬೊಬ್ಬರ ಪರಿಚಯ ಮಾಡುತ್ತಿದ್ದಾರೆ. ಕೊಳಲು ಹಿಡಿದ ಉದ್ದನೆ ಹುಡುಗನೊಬ್ಬ ಬಗ್ಗಿ ನಮಸ್ಕಾರ ಮಾಡಿದ. ಅವನು ನಾನಲ್ಲ. ಸಾಲಿನ ತುದಿಯಲ್ಲಿ, ಮುಖವಾಡ ತಲೆ ಮೇಲೆ ಸರಿಸಿಕೊಂಡು, ಕಿತ್ತುಹೋದ ಬಾಲ ಕೈಯಲ್ಲಿ ಹಿಡಿದು ಕ್ಯಾಮೆರಾಕ್ಕೆ ಹಲ್ಲು ಕಿರಿಯುತ್ತಿದ್ದವನು ನಾನು.

ಯಾರೂ ಏನೂ ಅನ್ನಲಿಲ್ಲ. ‘ಬಾಲ ನಾನೇ ಹೊಲಿದಿದ್ದೆ, ಎರಡು ಸಲ’ ಎಂದರು ಅಮ್ಮ.

ವಿಡಿಯೋ ಈಗ ಎರಡು ಹಾರ್ಡ್ ಡಿಸ್ಕಿನಲ್ಲಿ, ಒಂದು ಕ್ಲೌಡಿನಲ್ಲಿ ಭದ್ರವಾಗಿದೆ. ಮನೆಯ ವಾಟ್ಸ್ಯಾಪ್ ಗುಂಪಿನಲ್ಲಂತೂ ಕೇಳುವುದೇ ಬೇಡ. ಫೈಲಿಗೆ ಹೆಸರಿಟ್ಟವಳು ಮಗಳು: ‘ಅಪ್ಪ ಇಲಿ ಫೈನಲ್, ಅಳಿಸಬಾರದು’.