ಊಟಕ್ಕೂ ವೇಟಿಂಗ್ ಲಿಸ್ಟ್

ಮೂವತ್ತೊಂದು ವರ್ಷ ರೈಲ್ವೆ ರಿಸರ್ವೇಶನ್ ಕೌಂಟರಿನಲ್ಲಿ ಕೂತವನು ನಾನು. ಕಿಟಕಿಯ ಆಚೆ ನಿಂತವರ ಮುಖ ನೋಡಿದರೆ ಸಾಕು, ಇವರು ತಿರುಪತಿಗೋ ಮುಂಬೈಗೋ, ಫಾರ್ಮ್ ತುಂಬಿಕೊಂಡೇ ಬಂದಿದ್ದಾರೋ ಅಥವಾ ಈಗ ನನ್ನ ಪೆನ್ನು ಕೇಳುತ್ತಾರೋ ಅಂತ ಹೇಳಿಬಿಡುತ್ತಿದ್ದೆ. ಹಾಗಾಗಿ ಫೆಬ್ರವರಿಯ ಒಂದು ದಿನ ಅಟ್ಲಾಂಟಾದಿಂದ ಮಗಳು ಫೋನ್ ಮಾಡಿ, "ಅಪ್ಪಾಜಿ, ಡಿಸ್ನಿ ವರ್ಲ್ಡಿನಾಗ ಊಟಕ್ಕ ರಿಸರ್ವೇಶನ್ ಮಾಡಬೇಕು, ಆ ಕೆಲಸ ನಿಮಗ" ಅಂದಾಗ ನನಗೆ ನಗು ಬಂತು. ಊಟಕ್ಕೆ ರಿಸರ್ವೇಶನ್ನಾ? ನಮ್ಮ ಹುಬ್ಬಳ್ಳಿಯಲ್ಲಿ ಖಾನಾವಳಿಗೆ ಹೋದರೆ ಉಣ್ಣುತ್ತಾ ಕೂತವರ ಹಿಂದೆ ಹೋಗಿ ನಿಲ್ಲುತ್ತೇವೆ. ಅವರು ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡರು ಅಂದರೆ ನಮ್ಮ ಸೀಟು ಕನ್‌ಫರ್ಮ್. ಇಷ್ಟೇ.

"ಹಂಗಲ್ಲ ಅಪ್ಪಾಜಿ, ಅರವತ್ತು ದಿನ ಮೊದಲು ಓಪನ್ ಆಗ್ತದ" ಅಂದಳು. ಅರವತ್ತು ದಿನ ಅಂದಕೂಡಲೇ ನಾನು ನೆಟ್ಟಗೆ ಕೂತೆ. ನಮ್ಮ ರೈಲಿಗೂ ಈಗ ಅರವತ್ತೇ ದಿನ ಅಲ್ವಾ, 2024ರ ನವೆಂಬರಿನಲ್ಲಿ ನೂರಿಪ್ಪತ್ತರಿಂದ ಇಳಿಸಿದರು. ಅಂದರೆ ಇದು ನನಗೆ ಗೊತ್ತಿರುವ ಆಟ. ಅವರ ಹೋಟೆಲಿನಲ್ಲೇ ಇಳಿದುಕೊಳ್ಳುವವರಿಗೆ ಇನ್ನೊಂದು ಸವಲತ್ತು ಬೇರೆ ಇದೆ: ಇಳಿಯುವ ದಿನಕ್ಕೆ ಅರವತ್ತು ದಿನ ಮುಂಚೆ ಕೂತರೆ, ಅಲ್ಲಿಂದ ಹತ್ತು ದಿನದವರೆಗಿನ ಊಟವನ್ನೆಲ್ಲ ಒಂದೇ ಸಲಕ್ಕೆ ಬುಕ್ ಮಾಡಬಹುದು. ನಾವು ಇಳಿಯುವುದು ಮೇ 16ಕ್ಕೆ. ಬೆರಳು ಮಡಚಿ ಎಣಿಸಿದೆ, ಮಾರ್ಚ್ 17. ಬುಕಿಂಗ್ ತೆರೆಯುವುದು ಅಲ್ಲಿನ ಬೆಳಗಿನ ಆರಕ್ಕೆ. ಅಷ್ಟು ಹೊತ್ತಿಗೆ ಮಗಳು ಅಳಿಯ ಇಬ್ಬರೂ ಎರಡು ವರ್ಷದ ಮೊಮ್ಮಗನ ಜೊತೆ ರಾತ್ರಿಯೆಲ್ಲ ಜಗ್ಗಾಡಿ ಆಗತಾನೆ ಕಣ್ಣು ಮುಚ್ಚಿರುತ್ತಾರೆ. "ನಮಗ ಆರು ಅಂದ್ರ ನಿಮಗ ಸಂಜಿ ನಾಲ್ಕೂವರಿ. ಆರಾಮ ಚಾ ಕುಡಕೋತ ಮಾಡ್ರಿ" ಅಂದಳು. ಈ ನಾಲ್ಕೂವರೆಯನ್ನು ನೆನಪಿಟ್ಟುಕೊಳ್ಳಿ.

ತಯಾರಿ ಜೋರಾಗಿ ನಡೆಯಿತು. ಹಳೆಯ ಅಭ್ಯಾಸ, ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ದಿನ, ಸಮಯ, ಹೋಟೆಲು, ತಲೆ ಎಷ್ಟು ಅಂತ ಕಾಲಂ ಮಾಡಿದೆ. ಆರು ವರ್ಷದ ಮೊಮ್ಮಗಳ ಬೇಡಿಕೆ ಒಂದೇ: ಸಿಂಡರೆಲಾ ಕೋಟೆಯೊಳಗೆ ಕೂತು ಉಣ್ಣಬೇಕು. 189 ಅಡಿ ಎತ್ತರದ ಆ ಕೋಟೆಯ ಮಹಡಿಯ ಮೇಲೆ ನಿಜವಾಗಿಯೂ ಒಂದು ಊಟದ ಮನೆ ಇದೆ, ಸಿಂಡರೆಲಾಸ್ ರಾಯಲ್ ಟೇಬಲ್ ಅಂತ. (1997ರವರೆಗೆ ಅದಕ್ಕೆ ಇದ್ದದ್ದು ಅರಸ ಸ್ಟೀಫನ್ನನ ಹೆಸರು. ಆ ಅರಸ ಸಿಂಡರೆಲಾಗೆ ಏನೂ ಆಗಬೇಕಾದವನಲ್ಲ, ನಿದ್ದೆ ಹೋದ ಇನ್ನೊಬ್ಬ ರಾಜಕುಮಾರಿಯ ಅಪ್ಪ! ವಿಜಯಪುರದ ಬೋಗಿಗೆ ವಾಸ್ಕೋ ಬೋರ್ಡು ತಗುಲಿಸಿದ ಹಾಗೆ.) ಇನ್ನು ನನ್ನ ಹೆಂಡತಿಯ ಷರತ್ತುಗಳು: ಮಾಂಸ ಇಲ್ಲ, ತತ್ತಿ ಇಲ್ಲ, ಸೋಮವಾರ ಒಪ್ಪತ್ತು. ಅಂದರೆ ಸೋಮವಾರ ಮಧ್ಯಾಹ್ನ ಒಂದೇ ಊಟ, ರಾತ್ರಿ ಬರೀ ಹಾಲು, ಬಾಳೆಹಣ್ಣು. ಅಲ್ಲಿನ ಮೆನುವಿನಲ್ಲಿ ಪೂರ್ತಿ ಸಸ್ಯಾಹಾರದ ಮುಂದೆ ಒಂದು ಎಲೆಯ ಗುರುತು ಇರುತ್ತದೆ ಅಂದೆ. "ಎಲಿ ಹಾಕಿ ಬಡಸ್ತಾರೇನ್ರಿ?" ಅಂದಳು. ನಾನು ಹೂಂ ಅಂದುಬಿಟ್ಟೆ.

ಮಾರ್ಚ್ 17. ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆದೆ. ಎದ್ದು ಮುಖ ತೊಳೆದು, ಗಿರ್ಮಿಟ್ ತಿಂದು, ಚಾ ಕುಡಿದು ನಾಲ್ಕು ಇಪ್ಪತ್ತಕ್ಕೆ ಕಂಪ್ಯೂಟರಿನ ಮುಂದೆ ಕೂತೆ. ಪಕ್ಕದಲ್ಲಿ ನೋಟ್‌ಬುಕ್ಕು, ಕನ್ನಡಕ, ಎರಡು ಪೆನ್ನು. ಒಂದು ಪೆನ್ನು ಕೈಕೊಟ್ಟರೆ ಇರಲಿ ಅಂತ ಇನ್ನೊಂದು, ಕಂಪ್ಯೂಟರಿಗೆ ಪೆನ್ನು ಯಾಕೆ ಅಂತ ಆಗ ಹೊಳೆಯಲಿಲ್ಲ. ಸುಮ್ನೆ ನೋಡೋಣ ಅಂತ ಒತ್ತಿದೆ. ಆಗಲೇ ಓಪನ್ ಆಗಿತ್ತು! ಖುಷಿಯಿಂದ ಕೋಟೆ ಆರಿಸಿ ಮೇ 17 ಒತ್ತಿದೆ. ಇಲ್ಲ. 18, ಇಲ್ಲ. 19, ಇಲ್ಲ. ಬೆಳಗಿನ ತಿಂಡಿ ಇಲ್ಲ, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ. ಜೀವಮಾನವೆಲ್ಲ "ಇಲ್ರೀ, ಮುಂದಿನವ್ರು ಬರ್ರಿ" ಅಂದವನಿಗೆ ಯಾರೋ ಕಿಟಕಿಯ ಒಳಗಿನಿಂದ ಅದನ್ನೇ ಬಡ್ಡಿ ಸಮೇತ ತಿರುಗಿ ಹೇಳಿದ ಹಾಗಾಯಿತು.

ಅಷ್ಟರಲ್ಲಿ ಮಗಳ ಫೋನು. "ಅಪ್ಪಾಜಿ, ಕೋಟಿ ಸಿಕ್ತಿಲ್ಲೋ? ಓಪನ್ ಆಗಿ ಒಂದ್ ತಾಸು ಆತಲ್ಲ."

"ಒಂದ್ ತಾಸಾ? ಇನ್ನೂ ನಾಲ್ಕೂವರಿನೂ ಆಗಿಲ್ಲಲ್ಲವಾ."

ಆಚೆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಸಣ್ಣ ದನಿಯಲ್ಲಿ, "ಅಯ್ಯ ಅಪ್ಪಾಜಿ... ನಡುವ ಗಡಿಯಾರ ಮುಂದ್ ಮಾಡಿದ್ರಲ್ಲ, ಹೇಳೂದು ಮರತೆ."

ಆಗಿದ್ದು ಇಷ್ಟು. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ನಸುಕಿನ ಎರಡು ಗಂಟೆಗೆ ಎಲ್ಲರೂ ಸೇರಿ ಗಡಿಯಾರವನ್ನು ಮೂರಕ್ಕೆ ತಿರುಗಿಸುತ್ತಾರೆ. ನವೆಂಬರಿನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ತರುತ್ತಾರೆ. ಹೀಗಾಗಿ ಫೆಬ್ರವರಿಯಲ್ಲಿ ನಾಲ್ಕೂವರೆ ಆಗಿದ್ದ ಅವರ ಬೆಳಗಿನ ಆರು, ಮಾರ್ಚ್ 17ಕ್ಕೆ ನಮ್ಮ ಮೂರೂವರೆ ಆಗಿ ಕೂತಿತ್ತು. ಮೂರೂವರೆಗೆ ನಾನು ಗೊರಕೆ ಹೊಡೆಯುತ್ತಿದ್ದೆ. ರೈಲ್ವೆ ಮನುಷ್ಯನಾಗಿ ನನಗೆ ಮೊದಲು ಬಂದ ಪ್ರಶ್ನೆ, ಹಾಗಾದರೆ ಆ ರಾತ್ರಿ ಓಡುತ್ತಿರುವ ರೈಲಿನ ಗತಿ ಏನು? ಹುಡುಕಿ ಓದಿದೆ. ಮಾರ್ಚಿನಲ್ಲಿ ಅಲ್ಲಿನ ಆಮ್‌ಟ್ರಾಕ್ ರೈಲುಗಳು ನಿಂತ ನಿಲುವಿನಲ್ಲೇ ಒಂದು ತಾಸು ಲೇಟಾಗಿಬಿಡುತ್ತವಂತೆ, ನವೆಂಬರಿನಲ್ಲಿ ಯಾವುದಾದರೂ ಸ್ಟೇಷನ್ನಿನಲ್ಲಿ ಒಂದು ತಾಸು ಸುಮ್ಮನೆ ನಿಂತು ಆಮೇಲೆ ಹೊರಡುತ್ತವಂತೆ. ಯಾರ ತಪ್ಪೂ ಇಲ್ಲದೆ ಲೇಟು! ಇಂಥ ಸವಲತ್ತು ನಮ್ಮ ಕಾಲದಲ್ಲಿ ನಮಗಿದ್ದಿದ್ದರೆ ಅದೆಷ್ಟು ಜನರ ಬೈಗುಳ ಉಳಿಯುತ್ತಿತ್ತೋ.

ಕೋಟೆ ಹೋಯಿತು. ಸಿಕ್ಕಿದ್ದು ಸನಾ ಅಂತ ಒಂದು ಹೋಟೆಲು, ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ. ಅನಿಮಲ್ ಕಿಂಗ್‌ಡಮ್ ಲಾಡ್ಜಿನಲ್ಲಿದೆ, ಕಿಟಕಿಯ ಹೊರಗೆ ಜಿರಾಫೆ, ಜೀಬ್ರಾ ಓಡಾಡುತ್ತವೆ, ಒಳಗೆ ಆಫ್ರಿಕಾ ಮತ್ತು ಭಾರತದ ರುಚಿ ಸೇರಿಸಿದ ಅಡುಗೆ. ಹೆಮ್ಮೆಯಿಂದ ಮಗಳಿಗೆ ಕಳಿಸಿದೆ. ಐದೇ ನಿಮಿಷಕ್ಕೆ ಮತ್ತೆ ಫೋನು. "ಅಪ್ಪಾಜಿ, ಐದು ಮಂದಿಗೆ ಮಾಡೀರಿ. ಸಣ್ಣಾವ?" ನಾನು ಗತ್ತಿನಿಂದಲೇ ಹೇಳಿದೆ, "ಐದು ವರ್ಷದ ಒಳಗಿನವ್ರಿಗೆ ಬರ್ತ್ ಇಲ್ಲವಾ." ಅಲ್ಲಿ ಹಾಗಲ್ಲವಂತೆ. ಮೂರು ವರ್ಷದೊಳಗಿನ ಮಗುವಿಗೆ ಇಂಥ ಕಡೆ ದುಡ್ಡು ಇಲ್ಲದಿರಬಹುದು, ಆದರೆ ಲೆಕ್ಕಕ್ಕೆ ತಲೆ ತಲೆಯೇ, ಮಡಿಲಲ್ಲಿ ಕೂರುವ ತಲೆಯೂ ತಲೆಯೇ. ಐದನ್ನು ಆರು ಮಾಡಲು ಹೋದರೆ ಹನ್ನೆರಡರ ಜಾಗ ಮಾಯ. ಎರಡೂ ನಲವತ್ತಕ್ಕೆ ಸಿಕ್ಕಿತು. ನನ್ನ ಹೆಂಡತಿ ಹನ್ನೆರಡೂವರೆಗೆ ರೊಟ್ಟಿ ಮುರಿಯುವವಳು. ನಾನು ಅವಳಿಗೆ ಆ ಸುದ್ದಿಯನ್ನು ವಿಮಾನ ಹತ್ತಿದ ಮೇಲೆ ಹೇಳಿದೆ, ನಡುವೆ ಇಳಿದು ಹೋಗಲು ಬರುವುದಿಲ್ಲವಲ್ಲ.

ಸನಾದಲ್ಲಿ ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬಿಸಿ ನಾನ್ ತುಂಡುಗಳು, ಅದಕ್ಕೆ ನಂಚಿಕೊಳ್ಳಲು ಸಣ್ಣ ಸಣ್ಣ ಬಟ್ಟಲಲ್ಲಿ ಒಂಬತ್ತು ಬಗೆ. ಹೆಂಡತಿ ಒಂದೊಂದನ್ನೂ ಬೆರಳ ತುದಿಯಿಂದ ನೆಕ್ಕಿ ತೀರ್ಪು ಕೊಟ್ಟಳು. ಹುಣಸೆ ಪಾಸು, ಸೌತೆಕಾಯಿ ರಾಯತಾ ಪಾಸು. ಮೊಮ್ಮಗಳು ಮಾತ್ರ ಜಿರಾಫೆಗೆ ಬೆನ್ನು ಹಾಕಿ ಕೂತು, "ಅಜ್ಜಾ, ಸಿಂಡರೆಲಾ ಯಾವಾಗ?" ಅಂತ ಕೇಳುತ್ತಲೇ ಇದ್ದಳು.

ಇಲ್ಲಿ ನನ್ನ ನೌಕರಿ ಕೈಹಿಡಿಯಿತು. ರಿಸರ್ವೇಶನ್ ಅಂದಮೇಲೆ ಕ್ಯಾನ್ಸಲ್ ಇದ್ದೇ ಇರುತ್ತದೆ, ಮತ್ತು ಕ್ಯಾನ್ಸಲ್ ಆಗುವುದು ದಂಡ ಶುರುವಾಗುವ ಮುನ್ನ. ಅಲ್ಲಿ ಬುಕ್ ಮಾಡಿ ಬಾರದೆ ಹೋದರೆ ತಲೆಗೆ ಹತ್ತು ಡಾಲರ್ ದಂಡ, ಎರಡು ತಾಸು ಮೊದಲು ಬಿಟ್ಟುಕೊಟ್ಟರೆ ಏನಿಲ್ಲ. ಅಂದರೆ ಏಳೂವರೆಯ ಊಟಕ್ಕೆ ಚಾರ್ಟ್ ತಯಾರಾಗುವ ಹೊತ್ತು ಐದೂವರೆ! ಸೋಮವಾರ ಸಂಜೆ ಐದಕ್ಕೆ, ಎಲ್ಲರೂ ಆನೆಯ ತೊಟ್ಟಿಲಲ್ಲಿ ತಿರುಗುತ್ತಿದ್ದಾಗ, ನಾನೊಬ್ಬನೇ ನೆರಳಿನ ಬೆಂಚು ಹಿಡಿದು ಮಗಳ ಫೋನಿನಲ್ಲಿ ಒತ್ತುತ್ತಾ ಕೂತೆ. ಇಲ್ಲ, ಇಲ್ಲ, ಇಲ್ಲ. ಐದು ಇಪ್ಪತ್ತೈದಕ್ಕೆ ಬಂತು ನೋಡಿ: ಕೋಟೆ, ರಾತ್ರಿ 7:35, ಆರು ಜನ. ಈ ಸಲ ಸಣ್ಣವನ ತಲೆಯನ್ನೂ ಎಣಿಸಿದ್ದೆ. ಒತ್ತುವಾಗ ಕೈ ನಡುಗಿತು. ತತ್ಕಾಲ್ ಕಿಟಕಿಯಲ್ಲೂ ಎಂದೂ ನಡುಗದ ಕೈ.

ಮೊಮ್ಮಗಳು ಕುಣಿದಳು, ಅಳಿಯ ಮೊದಲ ಬಾರಿ ನನ್ನನ್ನು ಗೌರವದಿಂದ ನೋಡಿದ. ತಲೆಗೆ ಎಷ್ಟು ಬಿತ್ತು ಅಂತ ಮಾತ್ರ ಮಗಳು ಅಳಿಯ ಇಬ್ಬರೂ ಇವತ್ತಿಗೂ ನನಗೆ ಹೇಳಿಲ್ಲ. ಮೇಲೆ ಹೋದೆವು. ಬಣ್ಣದ ಗಾಜಿನ ಉದ್ದ ಕಿಟಕಿಗಳು, ನೀಲಿ ಲಂಗದಲ್ಲಿ ಖುದ್ದು ಸಿಂಡರೆಲಾ. ನನ್ನ ಹೆಂಡತಿ ಪರ್ಸಿನಿಂದ ಕುಂಕುಮದ ಡಬ್ಬಿ ತೆಗೆಯುತ್ತಿದ್ದಳು, ಮಗಳು ಕೈ ಹಿಡಿದು ತಡೆದಳು. ಊಟ ಬಂತು. ಎಲೆಯ ಗುರುತಿನ ತಟ್ಟೆಯನ್ನು ಅವಳ ಮುಂದೆ ಇಟ್ಟರು. ಆಗ ಅವಳು ಶಾಂತವಾಗಿ ಅಂದಳು, "ಇವತ್ತ ಸ್ವಾಮಾರ ಅಲ್ಲೇನ್ರಿ?"

ನನಗೆ ಗಂಟಲು ಒಣಗಿತು. ಮಧ್ಯಾಹ್ನವೇ ಅವಳ ಒಂದು ಊಟ ಮುಗಿದಿತ್ತು.

ಅವಳು ಕೈಗಡಿಯಾರ ನೋಡಿಕೊಂಡಳು. ಅಮೆರಿಕಕ್ಕೆ ಬಂದು ವಾರವಾದರೂ ಅದನ್ನು ಹುಬ್ಬಳ್ಳಿ ಟೈಮಿನಿಂದ ಅಲ್ಲಾಡಿಸಲು ಬಿಟ್ಟಿರಲಿಲ್ಲ. ಐದು ಗಂಟೆ ಹತ್ತು ನಿಮಿಷ. ಫೋನ್ ತೆಗೆದು ಕೇಶ್ವಾಪುರದ ನಮ್ಮ ಪಕ್ಕದ ಮನೆಯ ಗಾರ್ಡ್ ಸಾಹೇಬರ ಹೆಂಡತಿಗೆ ವಾಟ್ಸಾಪ್ ಕಾಲ್ ಹಚ್ಚಿದಳು. ಆಕೆ ಗಾಬರಿಯಿಂದ ಎತ್ತಿ, "ಯಾಕ ವೈನಿ ಇಷ್ಟೊತ್ನ್ಯಾಗ, ಎಲ್ಲಾರೂ ಆರಾಮ ಅದೀರಿಲ್ಲೋ?" ಅಂದರು.

"ಆರಾಮದೇವ್ರಿ. ಅಲ್ಲೆ ಇವತ್ತ ಯಾ ವಾರ ಐತ್ರಿ?"

"ಮಂಗಳವಾರ. ಈಗರ ಹಾಲಿನಾಂವ ಬಂದು ಹೋದ. ಯಾಕ್ರಿ?"

"ಏನಿಲ್ಲ, ಸುಮ್ನ ಕೇಳಿದೆ" ಅಂದು ಫೋನ್ ಇಟ್ಟು, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.